ಹಾವು, ಹಸು, ಕ್ಯಾನ್ಸರ್: ಮೂರಕ್ಕೂ ಒಂದೇ ಹಿಡಿ!

ಒಂದು ಒಗಟು ಕೇಳಲೇ?

ಗರಗಸ ಮಂಡಲ ಹಾವಿನ ವಿಷ. ಹಸುವಿನ ಕಾಲುಬಾಯಿ ಜ್ವರ. ಮನುಷ್ಯನ ಬಾಯಿ ಕ್ಯಾನ್ಸರ್. ಈ ಮೂರಕ್ಕೂ ಏನು ನಂಟು?

ಯೋಚಿಸಿ! ಫೋನ್ ಪಕ್ಕಕ್ಕಿಡಿ. ಉತ್ತರ ಈಗಲೇ ಹೇಳಿಬಿಡಲು ನನ್ನ ನಾಲಿಗೆ ತುರಿಸುತ್ತಿದೆ. ಆದರೂ ಹೇಳುವುದಿಲ್ಲ.

ಮೊದಲು ಇನ್ನೊಂದು ಪ್ರಶ್ನೆ. ನೀವೀಗ ಅಲುಗಾಡದೆ ಕುಳಿತು ಓದುತ್ತಿದ್ದೀರಿ, ಅಲ್ಲವೇ? ಇಲ್ಲ! ನಿಮ್ಮೊಳಗೆ ಲೆಕ್ಕವಿಲ್ಲದಷ್ಟು ಜೀವಕೋಶಗಳು ಈ ಕ್ಷಣದಲ್ಲೂ ನಡೆದಾಡುತ್ತಿವೆ. ಬಿಳಿ ರಕ್ತಕಣಗಳು ರಕ್ತನಾಳದ ಗೋಡೆಯ ಮೇಲೆ ತೆವಳಿ, ಸಂದಿಯಲ್ಲಿ ನುಸುಳಿ, ಸೋಂಕಿದ್ದ ಕಡೆಗೆ ಹೊರಟಿವೆ. ಬೆಳಿಗ್ಗೆ ಈರುಳ್ಳಿ ಹೆಚ್ಚುವಾಗ ಬೆರಳು ಕುಯ್ದುಕೊಂಡಿರಾ? ಗಾಯದ ಎರಡೂ ದಡದಿಂದ ಚರ್ಮದ ಕೋಶಗಳು ಒಂದರತ್ತ ಒಂದು ಸಾಗುತ್ತಿವೆ.

ಎಷ್ಟು ವೇಗ? ಊಹಿಸಿ! ಇದಕ್ಕೆ ಒಂದು ಓಟದ ಪಂದ್ಯವನ್ನೇ ಇಟ್ಟಿದ್ದರು. ತಮಾಷೆಯಲ್ಲ! 2011ರಲ್ಲಿ ನಡೆದ ವಿಶ್ವ ಜೀವಕೋಶ ಓಟ! ಬೇರೆ ಬೇರೆ ದೇಶಗಳ ಪ್ರಯೋಗಾಲಯಗಳು ತಮ್ಮ ತಮ್ಮ ಕೋಶಗಳನ್ನು ಕಳಿಸಿದವು. ಕಣ್ಣಿಗೆ ಕಾಣದಷ್ಟು ಸಪೂರವಾದ ಓಟದ ಹಾದಿ ಸಿದ್ಧವಾಯಿತು. ಗೆದ್ದದ್ದು ಸಿಂಗಪುರದಿಂದ ಬಂದ ಒಂದು ಕಾಂಡಕೋಶ. ಅದರ ವೇಗ ನಿಮಿಷಕ್ಕೆ 5.2 ಮೈಕ್ರಾನ್! ಅಂದರೆ ಒಂದು ಮಿಲಿಮೀಟರ್ ದಾಟಲು ಮೂರು ಗಂಟೆಗೂ ಹೆಚ್ಚು ಬೇಕು. ಚಾಂಪಿಯನ್ ಕಥೆಯೇ ಹೀಗೆ!

ನಗಬೇಡಿ. ಕಾಲಿಲ್ಲ, ಕೈಯಿಲ್ಲ, ಮೂಳೆಯಿಲ್ಲ. ಮತ್ತೆ ಅದು ಓಡಿದ್ದಾದರೂ ಹೇಗೆ?

ಇಂಟೆಗ್ರಿನ್!

ಜೀವಕೋಶದ ಪೊರೆಯನ್ನು ತೂರಿಕೊಂಡು ನಿಂತಿರುವ ಗ್ರಾಹಕ ಪ್ರೋಟೀನ್ ಇದು. ತಲೆ ಹೊರಗೆ, ಬಾಲ ಒಳಗೆ. ತಲೆ ಹೊರಗಿನ ನಾರುಗಳನ್ನು ಹಿಡಿಯುತ್ತದೆ, ಬಾಲ ಕೋಶದೊಳಗಿನ ಆಕ್ಟಿನ್ ಎಳೆಗಳಿಗೆ ಸೇರಿಕೊಳ್ಳುತ್ತದೆ. ನಡುವೆ ಪೊರೆ. ಹಿಡಿ, ಎಳೆ, ಬಿಡು. ಮತ್ತೆ ಹಿಡಿ!

ಮಲೆನಾಡಿನಲ್ಲಿ ಕೊನೆಗೌಡ ಅಡಿಕೆ ಮರ ಹತ್ತುವುದನ್ನು ನೋಡಿದ್ದೀರಾ? ಮರವನ್ನು ಅಪ್ಪುತ್ತಾನೆ, ಕಾಲಿನ ತಳೆ ಬಿಗಿಯುತ್ತಾನೆ, ಮೈ ಮೇಲಕ್ಕೆಳೆದು ತಳೆ ಸಡಿಲಿಸುತ್ತಾನೆ. ಕೋಶವೂ ಹೀಗೇ! ಹಿಡಿತ ತೀರಾ ಸಡಿಲವಾದರೆ ಜಾರುತ್ತದೆ. ತೀರಾ ಬಿಗಿಯಾದರೆ ಇದ್ದಲ್ಲೇ ಅಂಟಿಕೊಳ್ಳುತ್ತದೆ. ಹಿಡಿತ ಹದವಾಗಿದ್ದಾಗಲೇ ವೇಗ ಹೆಚ್ಚು ಎಂಬುದನ್ನು 1997ರಲ್ಲಿ ಅಳೆದೇ ತೋರಿಸಿದರು.

ಈ ಪ್ರೋಟೀನಿಗೆ ಇಂಟೆಗ್ರಿನ್ ಎಂಬ ಹೆಸರು ಬಿದ್ದದ್ದು 1986ರಲ್ಲಿ, ಅಮೆರಿಕದ ಎಂಐಟಿಯ ರಿಚರ್ಡ್ ಹೈನ್ಸ್ ಅವರ ತಂಡದಿಂದ. ಮನುಷ್ಯರಲ್ಲಿ ಇದರ ಎಷ್ಟು ಬಗೆ ಇರಬಹುದು? ಒಂದೊಂದು ಇಂಟೆಗ್ರಿನ್ನೂ ಜೋಡಿ. ಒಂದು ಆಲ್ಫಾ, ಒಂದು ಬೀಟಾ. ಆಲ್ಫಾಗಳು 18, ಬೀಟಾಗಳು 8. ಗುಣಿಸಬೇಡಿ! ಎಲ್ಲವೂ ಎಲ್ಲದರ ಜೊತೆ ಕೂಡುವುದಿಲ್ಲ. ಕೂಡುವ ಜೋಡಿಗಳು ಬರೀ 24. ಈ 24ರಲ್ಲಿ ಒಂದನ್ನು ನೆನಪಿಟ್ಟುಕೊಳ್ಳಿ: ಆಲ್ಫಾ-ವಿ ಬೀಟಾ-6. ಅದೇ ನಮ್ಮ ಖಳನಾಯಕ. ಆಮೇಲೆ ಬರುತ್ತದೆ.

ಈಗ ಆಕಾರ ನೋಡಿ! 2001ರಲ್ಲಿ ಇಂಟೆಗ್ರಿನ್ ಒಂದರ ಹರಳು ಮಾಡಿ ಎಕ್ಸ್-ರೇ ಹಾಯಿಸಿದಾಗ ವಿಜ್ಞಾನಿಗಳು ಬೆರಗಾದರು. ನೆಟ್ಟಗೆ ನಿಂತಿರಬೇಕಾದ ಪ್ರೋಟೀನ್ ಮಂಡಿ ಮಡಚಿಕೊಂಡಿತ್ತು! ತಲೆ ಬಾಗಿ ಪೊರೆಯ ಕಡೆ ನೋಡುತ್ತಿತ್ತು! ಮಡಚಿದಾಗ ಅದು ಸುಮ್ಮನಿರುತ್ತದೆ. ಒಳಗಿನಿಂದ ಸಂದೇಶ ಬಂತೋ, ಮಂಡಿ ಬಿಚ್ಚಿ, ತಲೆ ಎತ್ತಿ, ಗಬಕ್ಕನೆ ಹಿಡಿಯುತ್ತದೆ! ಹಿಡಿದದ್ದೇ ತಡ, ಹೊರಗಿನ ಸುದ್ದಿ ಒಳಕ್ಕೂ ಹೋಗುತ್ತದೆ. ಎರಡು ದಿಕ್ಕಿನ ಮಾತುಕತೆ ಇದು. ನೆಟ್ಟಗೆ ನಿಂತಾಗ ಎತ್ತರ ಸುಮಾರು 20 ನ್ಯಾನೋಮೀಟರ್. ನಿಮ್ಮ ಒಂದು ಕೂದಲಿನ ಅಗಲಕ್ಕೆ ಇಂಥ ಸುಮಾರು 4,000 ಬೇಕು!

ಇಷ್ಟು ಪುಟ್ಟದು ಕೋಶಕ್ಕೆ ಏನು ಹೇಳುತ್ತದೆ ಗೊತ್ತೇ? “ನೀನು ನಿನ್ನ ಜಾಗದಲ್ಲಿದ್ದೀಯ. ಬದುಕು!”

ಸಾಮಾನ್ಯ ಚರ್ಮದ ಕೋಶವನ್ನೋ ಕರುಳಿನ ಒಳಪದರದ ಕೋಶವನ್ನೋ ಅದರ ನೆಲೆಯಿಂದ ಕಿತ್ತು ತೇಲಲು ಬಿಡಿ. ಅದು ತನ್ನನ್ನು ತಾನೇ ಕೊಂದುಕೊಳ್ಳುತ್ತದೆ! ಹಿಡಿದುಕೊಳ್ಳಲು ಏನೂ ಇಲ್ಲವಾದರೆ ಬದುಕುವ ಅಪ್ಪಣೆಯೂ ಇಲ್ಲ. ಎಂಥ ಕಟ್ಟುನಿಟ್ಟು! ಮೈಯ ಒಂದು ಕಡೆಯ ಕೋಶ ಇನ್ನೊಂದು ಕಡೆ ಹೋಗಿ ಬೇರೂರದಂತೆ ತಡೆಯುವ ಕಾವಲು ಇದು.

ಕ್ಯಾನ್ಸರ್ ಮುರಿಯುವುದು ಈ ಕಾವಲನ್ನೇ.

ಕ್ಯಾನ್ಸರಿನಿಂದಾಗುವ ಬಹುಪಾಲು ಸಾವುಗಳಿಗೆ ಕಾರಣ ಮೊದಲು ಹುಟ್ಟಿದ ಗಡ್ಡೆಯಲ್ಲ, ಅಲ್ಲಿಂದ ಹೊರಟು ಬೇರೆ ಕಡೆ ನೆಲೆಯೂರಿದ ಕೋಶಗಳು. ಹೊರಡಬೇಕು ಅಂದರೆ ಹಿಡಿತ ಬದಲಾಗಬೇಕು. ಮೆಲನೋಮ ಎಂಬ ಚರ್ಮದ ಕ್ಯಾನ್ಸರನ್ನೇ ನೋಡಿ. ಚರ್ಮದ ಮೇಲ್ಪದರದಲ್ಲಿ ಅಡ್ಡಕ್ಕೆ ಹರಡುವಷ್ಟು ದಿನ ಅದರಲ್ಲಿ ಬೀಟಾ-3 ಇಂಟೆಗ್ರಿನ್ ಕಾಣಿಸುವುದಿಲ್ಲ. ಆಳಕ್ಕೆ ಇಳಿಯತೊಡಗಿದಾಗ ಕಾಣಿಸುತ್ತದೆ! 1990ರಲ್ಲೇ ಇದನ್ನು ಗುರುತಿಸಿದ್ದರು.

ಇನ್ನೊಂದು ಹಳೇ ಗೋಜಲು. 1889ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ಸ್ಟೀಫನ್ ಪ್ಯಾಜೆಟ್ ಸ್ತನ ಕ್ಯಾನ್ಸರಿನಿಂದ ಸತ್ತ 735 ಮಹಿಳೆಯರ ದಾಖಲೆ ತೆಗೆದು ಕುಳಿತರು. ಕ್ಯಾನ್ಸರ್ ಎಲ್ಲೆಂದರಲ್ಲಿ ಹರಡಿರಲಿಲ್ಲ. ಕೆಲವು ಅಂಗಗಳನ್ನು ಆರಿಸಿಕೊಂಡಿತ್ತು! ಯಾಕೆ?

126 ವರ್ಷ ಬಿಟ್ಟು, 2015ರಲ್ಲಿ, ನ್ಯೂಯಾರ್ಕಿನ ಡೇವಿಡ್ ಲೈಡನ್ ತಂಡ ಉತ್ತರದ ಒಂದು ತುಣುಕು ಹಿಡಿದುಕೊಂಡು ಬಂತು. ಗಡ್ಡೆಯ ಕೋಶಗಳು ಹೊರಡುವ ಮುಂಚೆಯೇ ಪುಟ್ಟ ಪುಟ್ಟ ಕೋಶಿಕೆಗಳನ್ನು ರಕ್ತಕ್ಕೆ ಬಿಡುತ್ತವೆ. ಆ ಕೋಶಿಕೆಗಳ ಮೈಮೇಲೆ ವಿಳಾಸ ಬರೆದಿರುತ್ತದೆ! ಯಾವ ಲಿಪಿಯಲ್ಲಿ? ಹೌದು, ಇಂಟೆಗ್ರಿನ್! ಆಲ್ಫಾ-6 ಬೀಟಾ-4 ಇದ್ದರೆ ಶ್ವಾಸಕೋಶಕ್ಕೆ. ಆಲ್ಫಾ-ವಿ ಬೀಟಾ-5 ಇದ್ದರೆ ಯಕೃತ್ತಿಗೆ. ಮುಂದೆ ಬರಲಿರುವ ಕೋಶಗಳಿಗೆ ಅವು ಅಲ್ಲಿ ಜಾಗ ಹದಮಾಡಿಡುತ್ತವೆ. ಇದನ್ನು ಓದಿದಾಗ ನನ್ನ ಮೈ ಜುಮ್ಮೆಂದಿತು, ಸ್ವಲ್ಪ ಹೆದರಿಕೆಯಿಂದಲೂ ಹೌದು.

ಸರಿ, ಒಗಟಿಗೆ ಬರೋಣ. ಇಂಟೆಗ್ರಿನ್ ಹೊರಗೆ ಹಿಡಿಯುವುದು ಏನನ್ನು?

ಫೈಬ್ರೊನೆಕ್ಟಿನ್ ಎಂಬ ದೊಡ್ಡ ಪ್ರೋಟೀನ್ ಇದೆ. ಒಂದರ ಹಿಂದೆ ಒಂದು ಪೋಣಿಸಿದ ಎರಡು ಸಾವಿರಕ್ಕೂ ಹೆಚ್ಚು ಅಮೈನೋ ಆಮ್ಲಗಳ ಸರ. ಕ್ಯಾಲಿಫೋರ್ನಿಯಾದ ಲಾ ಹೋಯಾದಲ್ಲಿ ಎರ್ಕ್ಕಿ ರುಒಸ್ಲಾಹ್ಟಿ ಮತ್ತು ಮೈಕಲ್ ಪಿಯರ್ಶ್‌ಬಾಕರ್ ಅದನ್ನು ತುಂಡು ಮಾಡುತ್ತಾ ಹೋದರು. ಕೋಶ ಅಂಟುತ್ತದೆಯೇ? ಅಂಟುತ್ತದೆ. ಇನ್ನೂ ಚಿಕ್ಕ ತುಂಡು? ಅಂಟುತ್ತದೆ! ಇನ್ನೂ ಚಿಕ್ಕದು? ಅದಕ್ಕೂ! 1984ರಲ್ಲಿ ಕೊನೆಗೆ ಉಳಿದ ತಿರುಳು ಎಷ್ಟು ಉದ್ದ ಎಂದು ಊಹಿಸಿ.

ಮೂರು! ಬರೀ ಮೂರು! ಆರ್ಜಿನೀನ್, ಗ್ಲೈಸೀನ್, ಆಸ್ಪಾರ್ಟಿಕ್ ಆಮ್ಲ. ಆರ್-ಜಿ-ಡಿ. ಎರಡು ಸಾವಿರದಲ್ಲಿ ಮೂರು! ಹೈನ್ಸ್ ಮತ್ತು ರುಒಸ್ಲಾಹ್ಟಿ 2022ರಲ್ಲಿ ಲಾಸ್ಕರ್ ಪ್ರಶಸ್ತಿ ಪಡೆದರು. ಜೊತೆಗೆ ಪಡೆದವರು ಹಾರ್ವರ್ಡ್‌ನ ಟಿಮೊತಿ ಸ್ಪ್ರಿಂಗರ್.

ಈ ಮೂರಕ್ಷರದ ಗುಟ್ಟು ನಮಗೆ ತಿಳಿಯುವ ಎಷ್ಟೋ ಕಾಲದ ಹಿಂದೆಯೇ ಒಬ್ಬರಿಗೆ ತಿಳಿದಿತ್ತು. ಯಾರಿಗೆ?

ಗರಗಸ ಮಂಡಲಕ್ಕೆ!

ನಮ್ಮ ಬಯಲುಸೀಮೆಯ ಕಲ್ಲುಗುಡ್ಡೆಗಳಲ್ಲಿ, ಮೈಯ ಹುರುಪೆಗಳನ್ನು ಒಂದಕ್ಕೊಂದು ಉಜ್ಜಿ ಸರಸರ ಸದ್ದು ಮಾಡುವ ಪುಟ್ಟ ಹಾವು. ಅದರ ವಿಷದಲ್ಲಿ ಎಕಿಸ್ಟಾಟಿನ್ ಎಂಬ ಪ್ರೋಟೀನ್ ಇದೆ, 49 ಅಮೈನೋ ಆಮ್ಲಗಳದ್ದು. ಅದರ ಒಂದು ಕುಣಿಕೆಯ ತುದಿಯಲ್ಲಿ ಚಾಚಿಕೊಂಡಿರುವುದೇ ಆರ್-ಜಿ-ಡಿ! ಅದು ಹೋಗಿ ಪ್ಲೇಟ್‌ಲೆಟ್‌ಗಳ ಇಂಟೆಗ್ರಿನ್‌ಗೆ ಅಂಟಿಕೊಳ್ಳುತ್ತದೆ. ಡೆಂಗಿ ಬಂದಾಗ ಊರೆಲ್ಲ ಲೆಕ್ಕ ಕೇಳುವ ಅದೇ ಪ್ಲೇಟ್‌ಲೆಟ್! ಒಂದೊಂದರ ಮೇಲೂ ಸುಮಾರು 80,000 ಇಂಟೆಗ್ರಿನ್‌ಗಳಿವೆ. ಅವು ಮುಚ್ಚಿಹೋದರೆ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಕೈ ಹಿಡಿಯಲಾರವು. ರಕ್ತ ಹೆಪ್ಪುಗಟ್ಟದು.

ವಿಷವೇ ಔಷಧಿಯಾಯಿತು! ಈ ಪ್ರೋಟೀನನ್ನು ಮಾದರಿಯಾಗಿಟ್ಟುಕೊಂಡು ರೂಪಿಸಿದ ಟಿರೋಫಿಬಾನ್ 1998ರಲ್ಲಿ ಅಮೆರಿಕದಲ್ಲಿ ಮಂಜೂರಾಯಿತು. ಇವತ್ತು ಹೃದಯಾಘಾತದ ರೋಗಿಗಳಿಗೆ ಅದನ್ನು ಕೊಡುತ್ತಾರೆ.

ಹಾಗಾದರೆ ಆರ್-ಜಿ-ಡಿಯಿಂದ ಕ್ಯಾನ್ಸರಿನ ಹಿಡಿತವನ್ನೂ ಬಿಡಿಸಬಹುದಲ್ಲ? ಎಲ್ಲರೂ ಹಾಗೇ ಅಂದುಕೊಂಡರು. ಸಿಲೆಂಗಿಟೈಡ್ ಎಂಬ ಔಷಧಿ ತಯಾರಾಯಿತು. ಮಿದುಳಿನ ಭಯಂಕರ ಗಡ್ಡೆ ಗ್ಲಿಯೋಬ್ಲಾಸ್ಟೋಮಾ ಇದ್ದ 545 ರೋಗಿಗಳ ಮೇಲೆ ಪರೀಕ್ಷೆ ನಡೆಯಿತು. 2014ರಲ್ಲಿ ಫಲಿತಾಂಶ ಪ್ರಕಟವಾಯಿತು. ಔಷಧಿ ಪಡೆದವರ ಬದುಕಿನ ಮಧ್ಯಮ ಅವಧಿ 26.3 ತಿಂಗಳು. ಪಡೆಯದವರದ್ದು? 26.3 ತಿಂಗಳು!

ಒಂದು ಬಿಂದುವಿನಷ್ಟೂ ವ್ಯತ್ಯಾಸವಿಲ್ಲ. ಎಡವಿದ್ದೆಲ್ಲಿ? ಒಂದು ಸುಳಿವು ಆ ಮಡಚಿದ ಮಂಡಿಯಲ್ಲಿದೆ. ಇಂಥ ಔಷಧಿಗಳು ಇಂಟೆಗ್ರಿನ್ನಿನ ಬಾಯಿ ಮುಚ್ಚುವ ಭರದಲ್ಲಿ ಅದನ್ನೇ ನೆಟ್ಟಗೆ ನಿಲ್ಲಿಸಿಬಿಡಬಲ್ಲವು. ತಡೆಯಲು ಹೋಗಿ ಎಬ್ಬಿಸಿದ ಹಾಗೆ! 2022ರಲ್ಲಿ ಸ್ಪ್ರಿಂಗರ್ ತಂಡ ಪರಿಹಾರ ತೋರಿಸಿತು: ಇಂಟೆಗ್ರಿನ್ ಮಡಚಿಯೇ ಇರಬೇಕಾದರೆ ಒಳಗಿನ ಒಂದು ನೀರಿನ ಅಣುವನ್ನು ಅಲ್ಲೇ ಉಳಿಸುವಂತೆ ಔಷಧಿ ರೂಪಿಸಬೇಕು. ಒಂದೇ ಒಂದು ಅಣು ನೀರು! ನನಗೆ ಇದು ಇಡೀ ಕಥೆಯ ಅತಿ ಚೆಂದದ ವಿವರ.

ಅತಿ ವಿಚಿತ್ರವಾದದ್ದು ಇನ್ನೂ ಬಾಕಿ ಇದೆ.

ಆಲ್ಫಾ-ವಿ ಬೀಟಾ-6 ನೆನಪಿದೆಯೇ? ಆರೋಗ್ಯವಂತ ವಯಸ್ಕರಲ್ಲಿ ಅದು ಹೆಚ್ಚುಕಡಿಮೆ ಕಾಣುವುದೇ ಇಲ್ಲ. ಗಾಯವಾದರೆ ಬರುತ್ತದೆ, ವಾಸಿಯಾದರೆ ಹೋಗುತ್ತದೆ. ಆದರೆ ಬಾಯಿ ಕ್ಯಾನ್ಸರಿನಲ್ಲಿ, ತಂಬಾಕು ಗುಟ್ಕಾ ಅಗಿಯುವ ನಮ್ಮ ನಾಡಿಗೆ ತೀರಾ ಪರಿಚಿತವಾದ ಆ ಕ್ಯಾನ್ಸರಿನಲ್ಲಿ, ಅದು ಮತ್ತೆ ಎದ್ದು ನಿಲ್ಲುತ್ತದೆ. ಗಡ್ಡೆ ಪಕ್ಕದ ಮಾಂಸಕ್ಕೆ ನುಗ್ಗುವ ಅಂಚಿನಲ್ಲಂತೂ ಹೆಚ್ಚೇ. ಹಿಡಿದು ಎಳೆದು, ಪಕ್ಕದಲ್ಲಿ ಸುಪ್ತವಾಗಿರುವ ಟಿಜಿಎಫ್-ಬೀಟಾ ಎಂಬ ರಾಸಾಯನಿಕವನ್ನೂ ಬಿಡಿಸಿ ಹಾಕುತ್ತದೆ.

ಈಗ ಕೊಟ್ಟಿಗೆಗೆ ಬನ್ನಿ. ಕಾಲುಬಾಯಿ ಜ್ವರದ ಹುಣ್ಣು ಎಲ್ಲೇಳುತ್ತದೆ? ದನ ಸಾಕಿದವರು ಥಟ್ಟನೆ ಹೇಳುತ್ತಾರೆ: ನಾಲಿಗೆ, ಬಾಯಿ, ಗೊರಸಿನ ಸಂದು. ಅಲ್ಲೇ ಯಾಕೆ? ದನದ ಮೈಯಲ್ಲಿ ಆಲ್ಫಾ-ವಿ ಬೀಟಾ-6 ಇರುವುದು ಅಲ್ಲೇ! ಕಾಲುಬಾಯಿ ಜ್ವರದ ವೈರಸ್ ತನ್ನ ಕವಚದಿಂದ ಒಂದು ಕುಣಿಕೆಯನ್ನು ಚಾಚಿ ಆ ಇಂಟೆಗ್ರಿನ್ನನ್ನು ಹಿಡಿದು ಕೋಶದೊಳಕ್ಕೆ ಇಳಿಯುತ್ತದೆ. ಕುಣಿಕೆಯ ತುದಿಯಲ್ಲಿ ಏನಿದೆ?

ಹೇಳಿ! ನಿಮಗೀಗ ಗೊತ್ತು!

ಆರ್-ಜಿ-ಡಿ!

ಹಾವು, ಹಸು, ಕ್ಯಾನ್ಸರ್ ಮೂರಕ್ಕೂ ಒಂದೇ ಹಿಡಿ. ಒಗಟು ಬಿಡಿಸಿಯಾಯಿತು ಅಂದುಕೊಂಡಿರಾ? ವಿಜ್ಞಾನಿಗಳು ಅಲ್ಲಿಗೆ ನಿಲ್ಲಲಿಲ್ಲ. ಆಲ್ಫಾ-ವಿ ಬೀಟಾ-6 ಅನ್ನು ಇಷ್ಟು ಚೆನ್ನಾಗಿ ಹುಡುಕಬಲ್ಲ ಕುಣಿಕೆಯನ್ನು ವೈರಸ್ಸಿನಿಂದ ಕದ್ದೇಬಿಟ್ಟರು! ಬರೀ 20 ಅಮೈನೋ ಆಮ್ಲಗಳ ತುಂಡು. ಅದರಲ್ಲಿ ವೈರಸ್ ಇಲ್ಲ, ರೋಗ ತರುವ ಶಕ್ತಿಯೂ ಇಲ್ಲ. ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿ ಅದಕ್ಕೆ ವಿಕಿರಣ ಸೂಸುವ ಫ್ಲೋರಿನ್-18 ಅಂಟಿಸಿದರು. 110 ನಿಮಿಷಕ್ಕೆ ಅರ್ಧಕ್ಕಿಳಿಯುವ ಫ್ಲೋರಿನ್ ಅದು, ಆದ್ದರಿಂದ ಎಲ್ಲವೂ ಗಡಿಬಿಡಿಯ ಕೆಲಸ! ರೋಗಿಗಳ ರಕ್ತಕ್ಕೆ ಸೇರಿಸಿ ಪೆಟ್ ಸ್ಕ್ಯಾನ್ ಮಾಡಿದರು. 2019ರಲ್ಲಿ ಫಲಿತಾಂಶ ಹೊರಬಂತು. ಅಡಗಿದ್ದ ಗಡ್ಡೆಗಳು ಹೊಳೆದವು! ಮೊದಲ ಗಡ್ಡೆಯಷ್ಟೇ ಅಲ್ಲ, ದೂರ ಹೋಗಿ ನೆಲೆಸಿದ ತುಣುಕುಗಳೂ ಹೊಳೆದವು.

ಲಂಡನ್ನಿನಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಅದೇ 20ರ ತುಂಡನ್ನು ರಕ್ಷಣಾ ಪಡೆಯ ಟಿ-ಕೋಶಗಳ ಹೊರಮೈಗೆ ಜೋಡಿಸಿ ಇಲಿಗಳಲ್ಲಿ ಗಡ್ಡೆಯ ಮೇಲೆ ಬಿಟ್ಟರು. ಟಿ-ಕೋಶಗಳು ದನದ ವೈರಸ್ಸಿನ ಕುಣಿಕೆ ಚಾಚಿ, ಆಲ್ಫಾ-ವಿ ಬೀಟಾ-6 ಹೊತ್ತ ಕ್ಯಾನ್ಸರ್ ಕೋಶಗಳನ್ನು ಹುಡುಕಿ ಹುಡುಕಿ ಕೊಂದವು!