ಹೊಸ ಕೆಲಸಕ್ಕೆ ಸೇರ್ತಾ ಕಾಯಿಲೆ ವಿಷಯ ಹೇಳೋದು ಹೇಗೆ?

ಟಿ. ನರಸೀಪುರದಿಂದ ಬಸ್ ಹತ್ತಿ ನಂಜನಗೂಡಿನ ಕಾರ್ಖಾನೆಗೆ ಹೊಸದಾಗಿ ಸೇರ್ತಿದ್ದೀರಾ? ಇನ್ಸುಲಿನ್ ತಗೊಳ್ತೀರಾ?

ಬರೀ "ಶುಗರ್ ಇದೆ ಸಾರ್" ಅಂದ್ರೆ ಸಾಲದು. ಏನು ಬೇಕೋ ಬಿಡಿಸಿ ಬರೀರಿ: "ಊಟದ ಬಿಡುವು ಹೊತ್ತಿಗೆ ಸರಿಯಾಗಿ ಬೇಕು, ಇನ್ಸುಲಿನ್ ಇಡೋಕೆ ಕ್ಯಾಂಟೀನ್ ಫ್ರಿಡ್ಜ್‌ನಲ್ಲಿ ಜಾಗ ಬೇಕು, ಸದ್ಯಕ್ಕೆ ನೈಟ್ ಶಿಫ್ಟ್ ಬೇಡ." ಡಾಕ್ಟರ ಪತ್ರ ಜೊತೆಗಿಟ್ಟು ಎಚ್.ಆರ್.ಗೆ ಕೊಡಿ. ಜೆರಾಕ್ಸ್ ಮೇಲೆ ಸಹಿ, ತಾರೀಕು ಹಾಕಿಸ್ಕೊಳ್ಳಿ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಥಲಸ್ಸೀಮಿಯಾ, ಹಿಮೋಫಿಲಿಯಾ, ಪಾರ್ಕಿನ್ಸನ್ ಕೂಡ ಇವೆ. ಅಂಥವರಿಗೆ ಸೂಕ್ತ ಅನುಕೂಲ ನಿರಾಕರಿಸೋದನ್ನ ಕಾನೂನು ತಾರತಮ್ಯ ಅನ್ನುತ್ತೆ. ಖಾಸಗಿ ಕಂಪನಿಯೂ ಸಮಾನ ಅವಕಾಶ ನೀತಿ ಪ್ರಕಟಿಸಬೇಕು. ತೋರಿಸಿ ಅಂತ ಕೇಳಿ.

ಸಕ್ಕರೆ ಕಾಯಿಲೆ ಆ ಪಟ್ಟಿಯಲ್ಲಿಲ್ಲ. ಇರಬೇಕಿತ್ತು ಅನ್ನೋದೇ ನನ್ನ ಅಭಿಪ್ರಾಯ. ಆದ್ರೂ ಪತ್ರ ಕೊಡಿ. ಪಾಳಿಯಲ್ಲಿ ತಲೆಸುತ್ತು ಬಂದಾಗ ಸೂಪರ್‌ವೈಸರ್‌ಗೆ ಕಾರಣ ಮೊದಲೇ ಗೊತ್ತಿರಬೇಕು.