ಅದಿರನ್ನು ಅರೆಯುವ ಶಕ್ತಿ ಎಲ್ಲಿಗೆ ಹೋಗುತ್ತದೆ?

ಮಂಗಳೂರಿನ ಶಕ್ತಿನಗರದ ಯಾವುದೇ ಮನೆಯಲ್ಲಿ ದೋಸೆಗೆ ಅಕ್ಕಿ ಅರೆದ ವಿದ್ಯುತ್ ಗ್ರೈಂಡರಿನೊಳಗಿನ ಹಿಟ್ಟನ್ನು ಮುಟ್ಟಿ ನೋಡಿದರೆ ಅದು ಬೆಚ್ಚಗಿರುತ್ತದೆ. ಒಲೆಯನ್ನೇ ಕಾಣದ ಹಿಟ್ಟಿಗೆ ಈ ಉಷ್ಣ ಬಂದುದೆಲ್ಲಿಂದ? ಅಕ್ಕಿಯನ್ನು ಒಡೆಯಲೆಂದು ನಾವು ಒದಗಿಸಿದ ಶಕ್ತಿಯ ಬಹುಪಾಲು ಘರ್ಷಣೆಯಲ್ಲಿ ಉಷ್ಣವಾಗಿ ಮಾರ್ಪಟ್ಟಿದೆ. ಅಡಿಗೆಮನೆಯಲ್ಲಿ ಈ ನಷ್ಟ ಅಲ್ಪ. ಆದರೆ ಗಣಿಗಳಲ್ಲಿ ಲಕ್ಷಗಟ್ಟಲೆ ಟನ್ ಕಲ್ಲನ್ನು ಹಿಟ್ಟುಮಾಡುವಾಗ ಇದನ್ನು ಅಲಕ್ಷಿಸುವಂತಿಲ್ಲ. ಜಗತ್ತಿನ ವಿದ್ಯುತ್ತಿನಲ್ಲಿ ನೂರಕ್ಕೆ 2ರಿಂದ 4 ಪಾಲು ಕಲ್ಲನ್ನು ಒಡೆದು ಅರೆಯುವುದಕ್ಕೇ ವ್ಯಯವಾಗುತ್ತದೆಂದು ಅಂದಾಜು.

ಕಲ್ಲನ್ನು ಅಷ್ಟು ನುಣ್ಣಗೆ ಅರೆಯುವುದಾದರೂ ಏಕೆ? ಇದಕ್ಕೆ ಕುದುರೆಮುಖವೇ ಉತ್ತಮ ನಿದರ್ಶನ. ಅಲ್ಲಿಯ ಅದಿರಿನಲ್ಲಿ ಕಬ್ಬಿಣದ ಅಂಶ ಶೇಕಡಾ 38ರಷ್ಟು ಮಾತ್ರ. ಅಯಸ್ಕಾಂತಕ್ಕೆ ಅಂಟುವ ಮ್ಯಾಗ್ನೆಟೈಟ್ ಕಣಗಳು ಕ್ವಾರ್ಟ್ಸ್ ಕಣಗಳೊಡನೆ ಹೆಣೆದುಕೊಂಡಿರುತ್ತವೆ. ಕಣಗಳು ಬಿಡಿಬಿಡಿಯಾಗುವಷ್ಟು ಅರೆದಲ್ಲದೆ ಅವನ್ನು ಬೇರ್ಪಡಿಸುವುದು ಅಸಾಧ್ಯ. 1980ರಲ್ಲಿ ಆರಂಭವಾದ ಅಲ್ಲಿನ ಕಾರ್ಖಾನೆ ಹೀಗೆ ಅರೆದು, ಬೇರ್ಪಡಿಸಿ, ಕಬ್ಬಿಣದ ಅಂಶವನ್ನು ಶೇಕಡಾ 67ರವರೆಗೆ ಏರಿಸಿ, ನೀರಿನಲ್ಲಿ ಕಲಸಿದ ಪುಡಿಯನ್ನು 67 ಕಿಲೋಮೀಟರ್ ಉದ್ದದ ಕೊಳವೆಯ ಮೂಲಕ ಮಂಗಳೂರಿನ ಪಣಂಬೂರಿಗೆ ಕಳುಹಿಸುತ್ತಿತ್ತು. ಉಳಿದ ಕಲ್ಲುಹಿಟ್ಟು ಲಕ್ಯಾ ಅಣೆಕಟ್ಟಿನ ಹಿಂದೆ ಸಂಗ್ರಹವಾಯಿತು. ಸರ್ವೋಚ್ಚ ನ್ಯಾಯಾಲಯದ ಆದೇಶದಂತೆ 2005ರ ಕೊನೆಯಲ್ಲಿ ಗಣಿ ನಿಂತಿತು.

ಅರೆದಷ್ಟೂ ಶಕ್ತಿ ಹೆಚ್ಚು ಬೇಕು. ಒಂದು ಸೆಂಟಿಮೀಟರ್ ಘನದ ಮೇಲ್ಮೈ 6 ಚದರ ಸೆಂಟಿಮೀಟರ್. ಅದನ್ನು ಒಂದು ಮಿಲಿಮೀಟರಿನ ಘನಗಳಾಗಿ ಕತ್ತರಿಸಿದರೆ ಒಟ್ಟು ಮೇಲ್ಮೈ 60 ಆಗುತ್ತದೆ. ಇನ್ನೂ ಹತ್ತರಲ್ಲೊಂದಕ್ಕೆ ಇಳಿಸಿದರೆ 600. ಹೊಸ ಮೇಲ್ಮೈ ಮೂಡಬೇಕಾದರೆ ಅಣುಗಳ ಬಂಧನ ಕಡಿಯಬೇಕು; ಅದಕ್ಕೆ ಶಕ್ತಿ ಬೇಕು. ವಾಸ್ತವದ ಲೆಕ್ಕಕ್ಕೆ ಫ್ರೆಡ್ ಬಾಂಡ್ ಎಂಬ ತಂತ್ರಜ್ಞರು 1952ರಲ್ಲಿ ಒಂದು ಸೂತ್ರವನ್ನು ಕೊಟ್ಟರು. ಅದರಂತೆ, ಮಧ್ಯಮ ಗಡಸಿನ ಒಂದು ಟನ್ ಅದಿರನ್ನು 10 ಮಿಲಿಮೀಟರಿನಿಂದ 0.4 ಮಿಲಿಮೀಟರಿಗೆ ಇಳಿಸಲು ಸುಮಾರು 4 ಯೂನಿಟ್ ವಿದ್ಯುತ್ ಸಾಕು. ಅಲ್ಲಿಂದ 0.1 ಮಿಲಿಮೀಟರಿಗೆ ಇಳಿಸಲು ಇನ್ನೂ 5 ಯೂನಿಟ್ ಬೇಕು! ಮೊದಲನೆಯದರಲ್ಲಿ ಗಾತ್ರ ಇಪ್ಪತ್ತೈದು ಪಟ್ಟು ಕುಗ್ಗಿತು. ಎರಡನೆಯದರಲ್ಲಿ ನಾಲ್ಕೇ ಪಟ್ಟು.

ಈ ಯೂನಿಟ್‌ಗಳೆಲ್ಲ ಬಂಧನಗಳನ್ನು ಕಡಿಯುವುದಕ್ಕೇ ಹೋಗುತ್ತವೆಯೆ? ಖಂಡಿತ ಇಲ್ಲ. ಬಾಲ್ ಮಿಲ್ ಎಂಬ ಯಂತ್ರದಲ್ಲಿ ದೊಡ್ಡದೊಂದು ಪೀಪಾಯಿ ಮಲಗಿಕೊಂಡು ತಿರುಗುತ್ತದೆ. ಒಳಗೆ ಉಕ್ಕಿನ ಗುಂಡುಗಳು ಮೇಲೇರಿ ಅದಿರಿನ ಮೇಲೆ ಉರುಳಿ ಬೀಳುತ್ತವೆ. ಗುಂಡು ಗುಂಡಿಗೇ ಬಡಿಯುತ್ತದೆ, ಗೋಡೆಗೆ ಬಡಿಯುತ್ತದೆ, ಆಗಲೇ ನುಣ್ಣಗಾದ ಪುಡಿಗೂ ಬಡಿಯುತ್ತದೆ. ಎಷ್ಟೋ ಹೊಡೆತಗಳು ಕಲ್ಲನ್ನು ಕ್ಷಣಕಾಲ ಅದುಮುತ್ತವೆಯೇ ಹೊರತು ಒಡೆಯುವುದಿಲ್ಲ. ಹೊಸ ಮೇಲ್ಮೈಗೆ ಸಲ್ಲುವ ಶಕ್ತಿ ಸುಮಾರು ನೂರರಲ್ಲೊಂದು ಪಾಲು, ಅಥವಾ ಅದಕ್ಕಿಂತಲೂ ಕಡಿಮೆ. ಮಿಕ್ಕುದೆಲ್ಲ ಬಹುತೇಕ ಉಷ್ಣವೇ.

ಪರಿಹಾರವೇನು? ಬಡಿಯುವ ಬದಲು ಹಿಂಡುವುದು ಒಂದು ದಾರಿ. ಜರ್ಮನಿಯ ಕ್ಲೌಸ್ ಶೋನರ್ಟ್ ಅವರ ಸಂಶೋಧನೆಯಿಂದ 1980ರ ದಶಕದಲ್ಲಿ ಬಳಕೆಗೆ ಬಂದ ಯಂತ್ರದಲ್ಲಿ, ಕಬ್ಬಿನ ಗಾಣದಲ್ಲಿರುವಂತೆ, ಎರಡು ಉರುಳೆಗಳು ಅದಿರಿನ ಪದರವನ್ನು ಅಧಿಕ ಒತ್ತಡದಿಂದ ಹಿಂಡುತ್ತವೆ. ಕಲ್ಲು ಕಲ್ಲನ್ನೇ ಒಡೆಯುತ್ತದೆ. ಅನೇಕ ಅದಿರುಗಳಲ್ಲಿ ಇದರಿಂದ ಶೇಕಡಾ 10ರಿಂದ 30ರಷ್ಟು ಶಕ್ತಿ ಉಳಿಯುತ್ತದೆ. ಇನ್ನೊಂದು ದಾರಿ, ಸಾಕಷ್ಟು ನುಣ್ಣಗಾದ ಕಣಗಳನ್ನು ಕೂಡಲೇ ಹೊರತೆಗೆಯುವುದು. ಮೂರನೆಯದು, ನಿರುಪಯುಕ್ತ ಕಲ್ಲನ್ನು ದಪ್ಪವಾಗಿರುವಾಗಲೇ ಬೇರ್ಪಡಿಸಿ ಬಿಸಾಡುವುದು. ಬಿಸಾಡಬೇಕಾದ ಕಲ್ಲನ್ನು ಹಿಟ್ಟುಮಾಡುವುದರಿಂದ ಯಾರಿಗೂ ಲಾಭವಿಲ್ಲ.

ಈ ಪ್ರಶ್ನೆ ಕುದುರೆಮುಖದೊಡನೆ ಮುಗಿದುಹೋಗಿಲ್ಲ. ಬಳ್ಳಾರಿ–ಸಂಡೂರು ಪ್ರದೇಶದ ಬೆಟ್ಟಗಳಲ್ಲಿ ಉತ್ತಮ ಅದಿರಿನ ಜೊತೆಯಲ್ಲೇ ಹೆಮಟೈಟ್ ಮತ್ತು ಕ್ವಾರ್ಟ್ಸ್ ಪಟ್ಟೆಪಟ್ಟೆಯಾಗಿ ಬೆರೆತ ಬಡ ಶಿಲೆಯೂ ಇದೆ. ಒಳ್ಳೆಯ ಅದಿರು ತೀರಿದಂತೆಲ್ಲ ನಾವು ಬಡ ಅದಿರಿನ ಕಡೆಗೆ ತಿರುಗಬೇಕಾಗುತ್ತದೆ. ಅದು ಇನ್ನೂ ಹೆಚ್ಚು ಅರೆತವನ್ನು ಬೇಡುತ್ತದೆ. ಆಗ ಒಂದು ಟನ್ ಕಬ್ಬಿಣದ ಬೆಲೆಯನ್ನು ಬೆಟ್ಟದಲ್ಲಿ ಎಷ್ಟು ಅದಿರಿದೆ ಎಂಬುದರಷ್ಟೇ, ಅದನ್ನು ಎಷ್ಟು ವಿವೇಕದಿಂದ ಅರೆಯುತ್ತೇವೆ ಎಂಬುದೂ ನಿರ್ಧರಿಸುತ್ತದೆ.