ಮನೆಯ ಕಂಪ್ಯೂಟರಿನಲ್ಲಿ ಜಾಲತಾಣ

2021ರಲ್ಲಿ ವಿಜಯನಗರವು ಪ್ರತ್ಯೇಕ ಜಿಲ್ಲೆಯಾಯಿತು. ಆದಾಗ್ಯೂ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಗೃಹಸ್ಥರು ಕಂಪ್ಯೂಟರ್ ವಿದ್ಯೆಯೆಂದೊಡನೆ ಬೆಂಗಳೂರಿನ ದಾರಿ ನೋಡುವುದು ತಪ್ಪಿಲ್ಲ. ಒಂದು ಬೆಳೆಯ ಹಣವನ್ನೆಲ್ಲ ತರಬೇತಿಯ ಶುಲ್ಕಕ್ಕೆ ಸುರಿದ ಮೇಲೆ ಮಗುವಿಗೆ ಆ ವಿದ್ಯೆ ಒಗ್ಗದೆಂದು ತಿಳಿದರೆ ಗತಿಯೇನು? ಆದುದರಿಂದ ಶುಲ್ಕ ಕಟ್ಟುವುದಕ್ಕೆ ಮೊದಲು ಹುಡುಗನಾಗಲಿ ಹುಡುಗಿಯಾಗಲಿ ಮನೆಯ ಹಳೆಯ ಕಂಪ್ಯೂಟರಿನಲ್ಲಿ ಒಂದು ಜಾಲತಾಣವನ್ನು ತಾವೇ ನಡೆಸಿ ನೋಡಲೆಂದು ನಾವು ಸೂಚಿಸುವೆವು.

ಜಾಲತಾಣವೆಂದರೆ ಕೆಲವು ಕಡತಗಳು. ಕೇಳಿದವರಿಗೆ ಅವನ್ನು ಕೊಡುತ್ತ ಸದಾ ಎಚ್ಚರವಾಗಿರುವ ಯಂತ್ರವೇ ಸರ್ವರ್. ಫಿನ್ಲೆಂಡಿನ ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಹೊರತಂದ ಲಿನಕ್ಸ್ ಧರ್ಮಾರ್ಥವಾಗಿ ದೊರೆಯುವುದು. ಅಪಾಚೆ ಎಂಬ ಸರ್ವರ್ ಪ್ರೋಗ್ರಾಮಿಗೂ ಬೆಲೆಯಿಲ್ಲ. ಇವೆರಡನ್ನೂ ಹಾಕಿ, ಹಡಗಲಿ ಮಲ್ಲಿಗೆಯ ಅಂದಿನ ದರವನ್ನು ಒಂದು ಪುಟದಲ್ಲಿ ಬರೆದಿಟ್ಟರೆ, ಅದೇ ವೈಫೈಯಲ್ಲಿರುವ ಮನೆಮಂದಿಯೆಲ್ಲರೂ ತಮ್ಮ ಮೊಬೈಲಿನಲ್ಲಿ ಓದಬಹುದು. ಪುಟ ಬರೆಯಲು ಎಚ್‌ಟಿಎಂಎಲ್, ಅಂದಕ್ಕೆ ಸಿಎಸ್‌ಎಸ್ ಸಾಕು. ದಿನದಿನದ ದರವನ್ನು ಕೂಡಿಟ್ಟು ಹೋದ ತಿಂಗಳದನ್ನೂ ತೋರಿಸಬೇಕೆಂಬ ಆಸೆ ಹುಟ್ಟಿತೆನ್ನೋಣ. ಆಗ ಪೈಥಾನ್ ಅಥವಾ ಪಿಎಚ್‌ಪಿ, ಜೊತೆಗೆ ಎಸ್‌ಕ್ಯೂಎಲ್ ಬೇಕಾಗುವುದು. ಯಾವುದು ಮೇಲೆಂಬ ವಾದಕ್ಕಿಂತ ಒಂದನ್ನು ಹಿಡಿದು ಕೆಲಸ ಮುಗಿಸುವುದು ಲೇಸು.

ಕನ್ನಡದ ವಿಷಯದಲ್ಲಿ ಒಂದು ಎಚ್ಚರ. ಅಂಗಡಿಗಳಲ್ಲಿ ನುಡಿಯ ಹಳೆಯ ಅಕ್ಷರಗಳಲ್ಲಿ ಟೈಪು ಮಾಡಿಸಿದ ಬರೆಹವು ಆ ಫಾಂಟಿಲ್ಲದ ಯಂತ್ರದಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ಕಾಣುವುದು. ಅದನ್ನು ಯೂನಿಕೋಡಿಗೆ ಪರಿವರ್ತಿಸಿಯೇ ಪುಟಕ್ಕೆ ಹಾಕತಕ್ಕದ್ದು. ಈ ಕೆಲಸಕ್ಕೆ ತಾನೇ ಒಂದು ಪುಟ್ಟ ಪ್ರೋಗ್ರಾಂ ಬರೆಯಹೊರಟ ಮಗುವಿಗೆ ಯಾವ ಪರೀಕ್ಷೆಯೂ ಬೇಡವೆಂದು ನಮ್ಮ ಎಣಿಕೆ.

ಹೊರಜಗತ್ತಿಗೆ ಬಾಗಿಲು ತೆರೆಯುವುದು ಬೇರೆಯೇ ಮಾತು. ಕರೆಂಟು ಹೋದರೆ ತಾಣವೂ ಹೋಗುವುದು. ಅನೇಕ ಕಂಪನಿಗಳು ಹಲವು ಮನೆಗಳಿಗೆ ಒಂದೇ ಸಾರ್ವಜನಿಕ ವಿಳಾಸವನ್ನು ಹಂಚುವುದರಿಂದ ಹೊರಗಿನವರ ಕರೆ ನಮ್ಮ ಯಂತ್ರಕ್ಕೆ ಮುಟ್ಟದೆ ಇರಬಹುದು. ಮುಟ್ಟಿದರೋ, ಕಳ್ಳ ಪ್ರೋಗ್ರಾಮುಗಳು ಹಗಲಿರುಳೂ ಬೀಗ ಅಲುಗಿಸಿ ನೋಡುತ್ತಿರುವುವು. ಹೀಗಾಗಿ ಕಲಿಕೆ ಮನೆಯಲ್ಲಿ ನಡೆಯಲಿ. ಊರಿಗೆ ತೋರಿಸುವಾಗ ತಿಂಗಳ ಬಾಡಿಗೆಗೆ ಚಿಕ್ಕ ಸರ್ವರೊಂದನ್ನು ಹಿಡಿಯುವುದು ಯುಕ್ತ. ಬೀಗಮುದ್ರೆಯಂತಿರುವ ಪ್ರಮಾಣಪತ್ರವನ್ನು ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆಯು 2015ರಿಂದ ಉಚಿತವಾಗಿ ಕೊಡುತ್ತಿದೆ. ಅದಕ್ಕೆ ಅವಧಿಯುಂಟು, ಮುಗಿಯುವ ಮೊದಲೇ ನವೀಕರಿಸಬೇಕು. ಮನೆಯ ಲೆಕ್ಕಪತ್ರಗಳನ್ನೂ ನೆರೆಯವರ ಫೋನ್ ನಂಬರುಗಳನ್ನೂ ಆ ಯಂತ್ರದಲ್ಲಿಡಕೂಡದು; ತಾಣದ ಕಡತಗಳ ನಕಲನ್ನು ಮಾತ್ರ ವಾರಕ್ಕೊಮ್ಮೆ ಪೆನ್‌ಡ್ರೈವಿನಲ್ಲಿ ತೆಗೆದಿರಿಸತಕ್ಕದ್ದು.